ವ್ಯಾಯಾಮಾಚಾರ್ಯ ಪ್ರೊ|| ಕೆ. ವಿ. ಅಯ್ಯರ್

'ಶಾಂತಲಾ' ಕಾದಂಬರಿಯ ಹೆಸರನ್ನು ಕೇಳದ ಸಾಹಿತ್ಯಾಭಿಮಾನಿಗಳು ಕನ್ನಡ ನಾಡಿನಲ್ಲಿ ವಿರಳ. ಆದರೆ ಅದನ್ನು ಬರೆದ ಕೈ ಕಬ್ಬಿಣದ ಗುಂಡುಗಳನ್ನು ಎತ್ತಿ ಪಳಗಿದ ಕೈ ಎಂಬುದನ್ನು ಬಲ್ಲವರು ನಮ್ಮ ಕಾಲೇಜಿನಲ್ಲಿ ಎಷ್ಟು ಮಂದಿಯಿದ್ದಾರೋ ನಾನರಿಯೆ. ಹೋದ ವರ್ಷದವರೆಗೆ ನಾನಂತೂ ಅರಿತವನಾಗಿರಲಿಲ್ಲ. ಲೇಖಕರ ಹೆಸರಿನ ಹಿಂದೆ ಪ್ರೊಫೆಸರ್ ಎಂದು ಸೇರಿಸಿ ಹೇಳುವುದನ್ನು ಕೇಳಿ, ಇವರು ಯಾವುದೋ ಕಾಲೇಜಿನಲ್ಲಿ ಚರಿತ್ರೆಯನ್ನೋ ಕನ್ನಡವನ್ನೋ ಬೋಧಿಸುತ್ತಿದ್ದ ಮಹನೀಯರಿರಬೇಕೆಂದು ತಿಳಿದಿದ್ದೆ. ಒಂದು ದಿನ ಕನ್ನಡದ ಅಧ್ಯಾಪಕರ ಮುಂದೆ ಹಾಗೆಯೇ ಹೇಳಿಬಿಟ್ಟೆ. ಅವರು ನಕ್ಕು, ಈ ಪ್ರೊಫೆಸರರು ಪಾಠ ಹೇಳಿದ್ದು ಭುಜಕ್ಕೆ, ಬೆನ್ನಿಗೆ, ಹೊಟ್ಟೆಗೆ ಎಂದು ತಿಳಿಸಿದರು. ಆ ಕಾಲದಲ್ಲಿ ಹೆಸರಾಂತ ವ್ಯಾಯಾಮಪಟುಗಳನ್ನು ಜನ ಪ್ರೊಫೆಸರ್ ಎಂದೇ ಕರೆಯುತ್ತಿದ್ದರಂತೆ. ಆಂಧ್ರದ ಮಹಾಬಲಶಾಲಿ ರಾಮಮೂರ್ತಿಯವರೂ ಪ್ರೊಫೆಸರ್ ರಾಮಮೂರ್ತಿಗಳೇ. ನಮ್ಮ ಅಧ್ಯಾಪಕವೃಂದ ಇದಕ್ಕೆ ಬೇಸರಿಸಲಾರದೆಂದು ನಂಬಿದ್ದೇನೆ.

ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿದ್ದಕ್ಕೆ ಒಂದು ಸ್ವಂತ ಕಾರಣವಿತ್ತು. ಆಗತಾನೆ ನಾನು ನಮ್ಮ ತಾಂಡ್ಯದ ಬಳಿಯ ಒಂದು ಜಿಮ್ಮಿನಿಂದ ಓಡಿಬಂದಿದ್ದೆ.

ತಾಂಡ್ಯವೆಂದರೆ ಮೈಸೂರು-ನಂಜನಗೂಡು ಹಾದಿಯಲ್ಲಿ ಕಾರ್ಖಾನೆಗಳ ನಡುವೆ ಸಿಕ್ಕಿಕೊಂಡ ಊರು. ಪಾಳಿ ಮುಗಿಸಿದ ಹುಡುಗರು ಸಾಯಂಕಾಲ ಜಿಮ್ಮಿಗೆ ಬರುತ್ತಾರೆ. ತಗಡಿನ ಮಾಡಿನ ಕೆಳಗೆ ನಾಲ್ಕು ಗೋಡೆ. ಮೂರು ಗೋಡೆಗೆ ಕನ್ನಡಿ. ನನ್ನ ತೋಳು ನನ್ನ ಮಣಿಕಟ್ಟಿಗಿಂತ ಸ್ವಲ್ಪವೇ ದಪ್ಪ. ಒಳಗೆ ಕಾಲಿಟ್ಟೊಡನೆ ಆ ಮೂರು ಕನ್ನಡಿಯಲ್ಲಿಯೂ ನಾನೇ ಕಂಡೆ. ಯಾವ ಯಂತ್ರಕ್ಕೆ ಎದೆಯನ್ನು ಕೊಡಬೇಕು, ಯಾವುದಕ್ಕೆ ಬೆನ್ನನ್ನು ಕೊಡಬೇಕು ತಿಳಿಯದು. ಕೇಳೋಣವೆಂದರೆ ಬಾಯಿ ಬಾರದು. ಪಕ್ಕದವನು ಎತ್ತಿ ಇಟ್ಟದ್ದನ್ನೇ ಎತ್ತಲು ಹೋದೆ. ಅದು ಅರ್ಧಕ್ಕೆ ಬಂದು ನಿಂತಿತು. ಯಾರೋ ಬಂದು ನನ್ನ ಎದೆಯ ಮೇಲಿಂದ ಅದನ್ನು ತೆಗೆದು ಇಟ್ಟರು. ಯಾರೂ ನಗಲಿಲ್ಲ, ಆದರೂ ಎಲ್ಲರೂ ನಕ್ಕಂತೆ ಅನ್ನಿಸಿತು. ಮುಂದಿನ ಮೂರು ದಿನ ತಲೆ ಬಾಚಲು ಕೈ ಮೇಲೇಳಲಿಲ್ಲ. ತಿಂಗಳ ಹಣ ಕಟ್ಟಿದ್ದೆನಾದರೂ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಕಾರ್ಖಾನೆಯಲ್ಲಿ ದಿನವಿಡೀ ಮೂಟೆ ಹೊತ್ತು ಬರುವ ನಮ್ಮಪ್ಪನಿಗೆ ಇದರ ತಲೆಬುಡ ತಿಳಿಯಲಿಲ್ಲ. ಭಾರ ಹೊತ್ತವನಿಗೆ ಕೂಲಿ ಕೊಡುವುದನ್ನು ಅವರು ಕಂಡಿದ್ದರು. ಭಾರ ಎತ್ತಿದವನೇ ಹಣ ಕೊಡುವುದನ್ನು ಅದೇ ಮೊದಲು ಕೇಳಿದ್ದು.

ಇಂಥ ಸಮಯದಲ್ಲಿ ಅಯ್ಯರವರ ವಿಷಯ ಕೈಗೆ ಬಂತು. ಸಿಕ್ಕಿದ್ದನ್ನೆಲ್ಲ ಓದಿದೆ, ತಿಳಿದವರನ್ನು ಕೇಳಿದೆ. ಅದನ್ನೇ ಇಲ್ಲಿ ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಕೋಲಾರದ ವೆಂಕಟೇಶ ಅಯ್ಯರವರು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಕೋಲಾರ ಜಿಲ್ಲೆಯ ದೇವರಾಯಸಮುದ್ರದಲ್ಲಿ. ಅಂದಿನ ಮೈಸೂರು ಸಂಸ್ಥಾನದಲ್ಲಿ ಅಂಗಸಾಧನೆ ಹೊಸದೇನೂ ಆಗಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಿಂದಲೂ ಕುಸ್ತಿಗೆ ಅರಮನೆಯ ಆಶ್ರಯವಿತ್ತು. ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ನೋಡಲು ಜನ ಮುಗಿಬೀಳುತ್ತಿದ್ದರು. ಮೈಸೂರಿನ ಕೇರಿಕೇರಿಯಲ್ಲಿ ಗರಡಿಮನೆ. ಕೆಮ್ಮಣ್ಣಿನ ಅಖಾಡ, ಗೋಡೆಯ ಮೇಲೆ ಆಂಜನೇಯ, ಮೂಲೆಯಲ್ಲಿ ಗದೆ. ಆದರೆ ಗರಡಿ ಎಲ್ಲರಿಗೂ ಒಗ್ಗುವ ಸ್ಥಳವಲ್ಲ. ಅಲ್ಲಿಗೆ ಹೋದವನು ಇಂದಲ್ಲ ನಾಳೆ ಅಖಾಡಕ್ಕೆ ಇಳಿಯಲೇಬೇಕು. ಉಸ್ತಾದರ ಕಣ್ಣಿಗೆ ಬೀಳಬೇಕು, ಗೆಲ್ಲಬೇಕು. ಗೆಲ್ಲುವ ಹಂಬಲವಿಲ್ಲದೆ, ಬೆನ್ನು ನೆಟ್ಟಗಾದರೆ ಸಾಕು, ಉಸಿರು ಕಟ್ಟದಿದ್ದರೆ ಸಾಕು ಎನ್ನುವ ಗುಮಾಸ್ತನಿಗೂ ವಿದ್ಯಾರ್ಥಿಗೂ ಅಲ್ಲಿ ಜಾಗ ಕಡಮೆ. ಹೆಣ್ಣುಮಕ್ಕಳಿಗಂತೂ ಹೊಸ್ತಿಲೇ ಇಲ್ಲ.

ಅದೇ ಕಾಲಕ್ಕೆ ಕಡಲಾಚೆಯಿಂದ ಬೇರೊಂದು ಗಾಳಿ ಬೀಸಿತು. 1867ರಲ್ಲಿ ಪ್ರಷ್ಯದಲ್ಲಿ ಹುಟ್ಟಿದ ಯೂಜೀನ್ ಸ್ಯಾಂಡೋ ಎಂಬಾತ ಲಂಡನ್ನಿನಲ್ಲಿ ನೆಲಸಿ, 1897ರಲ್ಲಿ ಅಲ್ಲಿ ವ್ಯಾಯಾಮದ ಸಂಸ್ಥೆಯೊಂದನ್ನು ತೆರೆದನು. ಸರ್ಕಸ್ಸಿನಲ್ಲಿ ಗುಂಡೆತ್ತಿ ಚಪ್ಪಾಳೆ ಗಿಟ್ಟಿಸುವ ಕಸುಬನ್ನು ಕಚೇರಿಗೆ ಹೋಗುವ ಸಾಮಾನ್ಯನ ದಿನಚರಿಯನ್ನಾಗಿ ಮಾಡಿದ್ದು ಆತನ ಹೆಚ್ಚುಗಾರಿಕೆ. 1901ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಆತನು ದೇಹಸೌಷ್ಠವದ ಸ್ಪರ್ಧೆ ನಡೆಸಿದಾಗ, ತೀರ್ಪುಗಾರರಲ್ಲಿ ಷರ್ಲಾಕ್ ಹೋಮ್ಸನ ಕರ್ತೃ ಕಾನನ್ ಡಾಯ್ಲ್ ಒಬ್ಬರಾಗಿದ್ದರು. ಮುಂದೆ 1904-05ರ ಸುಮಾರಿನಲ್ಲಿ ಸ್ಯಾಂಡೋ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟನು. ಆತನ ಹೆಸರು ಹಳ್ಳಿಗಳವರೆಗೆ ಹಬ್ಬಿ, ತೋಳಿಲ್ಲದ ಬನಿಯನ್ನಿಗೆ ಸ್ಯಾಂಡೋ ಬನಿಯನ್ನೆಂಬ ಹೆಸರಾಗಿ ಇಂದಿಗೂ ಉಳಿದಿದೆ. ನಮ್ಮಪ್ಪ ದಿನವೂ ತೊಡುವುದು ಅದನ್ನೇ. ಸ್ಯಾಂಡೋ ಯಾರೆಂದು ಅವರಿಗೆ ನಾನೇ ಹೇಳಬೇಕಾಯಿತು.

ಅಯ್ಯರವರು ಬೆಳೆದದ್ದು ಈ ಎರಡು ಗಾಳಿಗಳ ನಡುವೆ. ಅವರು ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟವರಲ್ಲ. 1920ರ ದಶಕದಲ್ಲಿ ಬೆಂಗಳೂರಿನಲ್ಲಿ ಅವರು ನಡೆಸಿದ ಹರ್ಕ್ಯುಲಿಸ್ ಜಿಮ್ನೇಷಿಯಮ್ಮಿನಲ್ಲಿ ಪಾಶ್ಚಾತ್ಯರ ಬಾರ್‌ಬೆಲ್ಲು, ಡಂಬೆಲ್ಲುಗಳ ಜೊತೆಗೆ ಯೋಗಾಸನಗಳಿದ್ದವು, ಸೂರ್ಯನಮಸ್ಕಾರವಿತ್ತು. ಇಂದು ನಮಗೆ ಇದು ಸಹಜವಾಗಿ ತೋರಬಹುದು. ಅಂದು ಆಸನ ಹಾಕುವವರು ಕಬ್ಬಿಣ ಮುಟ್ಟುತ್ತಿರಲಿಲ್ಲ. ಕಬ್ಬಿಣ ಎತ್ತುವವರಿಗೆ ಆಸನವೆಂದರೆ ಸನ್ಯಾಸಿಗಳ ಗೊಡವೆ. ಕಬ್ಬಿಣದಿಂದ ಮಾಂಸಖಂಡ ಬೆಳೆದರೂ ಒಳಗಿನ ಅಂಗಗಳ ಆರೋಗ್ಯಕ್ಕೆ, ಮೈಯ ಬಾಗುಬಳುಕಿಗೆ ಆಸನಗಳೇ ಬೇಕೆಂಬುದು ಅಯ್ಯರವರ ಮತ. ಅವರ ಬಳಗದ ಸುಂದರಂ ಎಂಬವರು ಯೋಗದ ಅಂಗಸಾಧನೆಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಬರೆದರು. ಅಯ್ಯರವರೂ 1930ರಲ್ಲಿ 'ಮಸಲ್ ಕಲ್ಟ್', 1936ರಲ್ಲಿ 'ಪರ್ಫೆಕ್ಟ್ ಫಿಸೀಕ್', 1937ರಲ್ಲಿ 'ಸೂರ್ಯನಮಸ್ಕಾರ' ಎಂಬ ಇಂಗ್ಲಿಷ್ ಪುಸ್ತಕಗಳನ್ನು ಪ್ರಕಟಿಸಿದರು.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಈ ಪುಸ್ತಕಗಳಲ್ಲಿ ಅಯ್ಯರವರು ತಮ್ಮ ದೇಹವನ್ನು ತಾವೇ ಬಾಯಿತುಂಬ ಹೊಗಳಿಕೊಂಡಿದ್ದಾರೆ. ದೇವತೆಗಳೂ ಕರುಬುವ ಮೈಕಟ್ಟು ತಮ್ಮದೆಂಬ ಧಾಟಿ. ತಮ್ಮ ಭಾವಚಿತ್ರಗಳನ್ನು ಗ್ರೀಕ್ ಪ್ರತಿಮೆಗಳ ಭಂಗಿಯಲ್ಲಿ ತೆಗೆಸಿ ಅಚ್ಚು ಹಾಕಿಸಿದ್ದಾರೆ. ವಿನಯವೇ ವಿದ್ಯೆಗೆ ಭೂಷಣವೆಂದು ಕಲಿತುಬಂದ ನನಗೆ ಇದು ಮೊದಲಿಗೆ ಹಿಡಿಸಲಿಲ್ಲ. ಜಿಮ್ಮಿನ ಕನ್ನಡಿಯ ಮುಂದೆ ತೋಳು ಮಡಿಸಿ ನಿಲ್ಲುವವರ ನೆನಪಾಗಿ ಪುಸ್ತಕದ ವಿಷಯವನ್ನೇ ಬಿಟ್ಟುಬಿಡೋಣವೆನ್ನಿಸಿತು. ಬಿಡದೆ ಮುಂದುವರಿದಾಗ ಕಂಡದ್ದು ಬೇರೆ. ಹೊಗಳಿಕೆ ಅಂಗಡಿಯ ಮುಂದಿನ ಬೋರ್ಡು. ಒಳಗೆ ಅವರು ಮಾಡಿದ ಕೆಲಸವೆಲ್ಲ ಅಂಥ ಮೈಯಿಲ್ಲದವರಿಗಾಗಿ.

ಅದಕ್ಕೆ ದೊಡ್ಡ ಸಾಕ್ಷಿ ಅವರ ಅಂಚೆಯ ಪಾಠ. ಬೆಂಗಳೂರಿಗೆ ಬರಲಾಗದವನು ಕಾಗದ ಬರೆದು ಅವರಿಂದ ವ್ಯಾಯಾಮದ ಪಾಠಗಳನ್ನು ತರಿಸಿಕೊಳ್ಳಬಹುದಾಗಿತ್ತು. 1940ರಲ್ಲಿ ಅವರು ಇದನ್ನೇ ವಿಷಯವಾಗಿ ಇಟ್ಟುಕೊಂಡು ಒಂದು ಪುಸ್ತಕವನ್ನೂ ಹೊರತಂದರು. ಅಂಚೆಯಲ್ಲಿ ಅಂಗಸಾಧನೆ ಕಲಿಸುವುದು ಪಶ್ಚಿಮದಲ್ಲಿ ದೊಡ್ಡ ವ್ಯಾಪಾರವೇ ಆಗಿತ್ತೆಂಬುದು ನಿಜ. ಅಯ್ಯರವರಿಗೂ ಅದರಿಂದ ಜೀವನ ಸಾಗುತ್ತಿತ್ತು. ಆದರೂ ನನಗೆ ಈ ಅಂಚೆಯ ಪಾಠದ ಮೇಲೆ ಬಹಳ ಪ್ರೀತಿ. ಯಾವುದೋ ಊರಿನ ಒಬ್ಬ ಬಡಕಲು ಹುಡುಗ ಕೋಣೆಯ ಬಾಗಿಲು ಹಾಕಿಕೊಂಡು, ಎದುರಿಗೆ ಪಾಠದ ಹಾಳೆಯನ್ನು ಹರಡಿಕೊಂಡು, ಯಾರ ಕಣ್ಣಿಗೂ ಬೀಳದೆ ಮೊದಲ ಹತ್ತು ದಂಡಗಳನ್ನು ತಪ್ಪುತಪ್ಪಾಗಿ ಹೊಡೆಯುವುದನ್ನು ಊಹಿಸಿಕೊಳ್ಳುತ್ತೇನೆ. ತಪ್ಪು ಮಾಡುವುದಕ್ಕೆ ಒಂದು ಮರೆ ಬೇಕು. ಆ ಮರೆಯನ್ನು ಅಯ್ಯರವರು ಅಂಚೆಯಲ್ಲಿ ಕಳುಹಿಸಿಕೊಟ್ಟರು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮೊದಲ ವರ್ಷ ಗ್ರಂಥಾಲಯದಲ್ಲಿ ಪುಸ್ತಕ ಹೇಗೆ ಪಡೆಯಬೇಕೆಂದು ಕೇಳಲು ನಾಚಿ, ಎರಡು ತಿಂಗಳು ಸುಮ್ಮನೆ ವೃತ್ತಪತ್ರಿಕೆ ಓದಿ ಎದ್ದುಬರುತ್ತಿದ್ದೆ. ಜಿಮ್ಮಿನಲ್ಲಿ ಆದದ್ದೂ ಅದೇ. ಆದ್ದರಿಂದ ಈ ಮರೆಯ ಬೆಲೆ ನನಗೆ ಗೊತ್ತು.

1943ರಲ್ಲಿ ಅಯ್ಯರವರು ವ್ಯಾಯಾಮದಿಂದ ದೇಹದಲ್ಲಾಗುವ ರಾಸಾಯನಿಕ ಬದಲಾವಣೆಗಳನ್ನು ಕುರಿತೂ ಒಂದು ಪುಸ್ತಕ ಬರೆದರು. ಗುಂಡೆತ್ತುವವನಿಗೆ ಮೈಯೊಳಗೆ ಏನಾಗುತ್ತಿದೆಯೆಂಬುದು ತಿಳಿದಿರಬೇಕೆಂದು ಬಯಸಿದ ಉಸ್ತಾದರು ಅಂದು ಎಷ್ಟು ಮಂದಿ ಇದ್ದರೋ! ಈ ವಿಷಯದಲ್ಲಿ ಅವರ ಕಾಲದಿಂದ ಈಚೆಗೆ ಶಾಸ್ತ್ರ ಬಹಳ ಬೆಳೆದಿದೆ. ಹೊಸಬನಿಗೆ ಧೈರ್ಯ ಕೊಡುವ ಎರಡು ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮೊದಲ ಕೆಲವು ವಾರಗಳಲ್ಲಿ ನಾವು ಹೆಚ್ಚು ಭಾರ ಎತ್ತಬಲ್ಲವರಾಗುವುದು ಬಹುಮಟ್ಟಿಗೆ ಮಾಂಸಖಂಡ ಬೆಳೆದುದರಿಂದಲ್ಲ. ಇರುವ ಮಾಂಸಖಂಡವನ್ನು ದುಡಿಸಿಕೊಳ್ಳಲು ನರಗಳು ಕಲಿತುದರಿಂದ. ಆದಕಾರಣ ತಿಂಗಳಾದರೂ ಕನ್ನಡಿಯಲ್ಲಿ ಏನೂ ಕಾಣದಿದ್ದರೆ ಕೆಲಸ ನಡೆದಿಲ್ಲವೆಂದಲ್ಲ. ಎರಡನೆಯದು, ಹೊಸ ಭಾರಕ್ಕೆ ಒಡ್ಡಿದ ಮೈ ಮಾರನೆಯ ದಿನದಿಂದ ಎರಡು ಮೂರು ದಿನ ನೋಯುವುದು ಮಾಂಸದ ಎಳೆಗಳಿಗೆ ತಗಲಿದ ಅತಿ ಸೂಕ್ಷ್ಮ ಪೆಟ್ಟಿನಿಂದ. ಅದು ತಾನಾಗಿ ಮಾಯುತ್ತದೆ. ಸ್ವಲ್ಪದಿಂದ ಮೊದಲು ಮಾಡಿದವನಿಗೆ ಆ ನೋವೂ ಸ್ವಲ್ಪವೇ. ಇದು ತಿಳಿದಿದ್ದರೆ ನಾನು ಆ ಮೂರು ದಿನ ಕೈಗೆ ಏನೋ ಶಾಶ್ವತವಾಗಿ ಆಯಿತೆಂದು ಹೆದರಿ ಕೂರುತ್ತಿರಲಿಲ್ಲ.

ಅಯ್ಯರವರ ಕೀರ್ತಿ ಅರಮನೆಯನ್ನೂ ಮುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರು ತಮ್ಮ ಆರೋಗ್ಯದ ವಿಷಯದಲ್ಲಿ ಅಯ್ಯರವರ ಸಲಹೆ ಪಡೆದರು, ಅವರ ಪದ್ಧತಿಗೆ ಮನ್ನಣೆಯಿತ್ತರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅಯ್ಯರವರ ಶಿಷ್ಯರೊಬ್ಬರು ವ್ಯಾಯಾಮದ ತರಗತಿ ನಡೆಸಿದರು. ಅದೇ ಅರಮನೆಯಲ್ಲಿ 1933ರಿಂದ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆಯಿತ್ತು. ಆ ಯೋಗಶಾಲೆಗೆ 1934ರಲ್ಲಿ ಬಂದು ಸೇರಿದವರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನ ಹದಿನೈದರ ಹುಡುಗನೊಬ್ಬನಿದ್ದ. ಬಾಲ್ಯದಲ್ಲಿ ಮಲೇರಿಯಾ, ವಿಷಮಶೀತಜ್ವರ, ಕ್ಷಯಗಳಿಂದ ನರಳಿ ಮೂಳೆಯ ಹಂದರವಾಗಿದ್ದ ಮೈ; ಬಾಗಿದರೆ ಕೈ ಮಂಡಿಯನ್ನು ದಾಟುತ್ತಿರಲಿಲ್ಲ. ಮುಂದೆ ಆತನನ್ನೇ ಜಗತ್ತು ಬಿ. ಕೆ. ಎಸ್. ಅಯ್ಯಂಗಾರರೆಂದು ತಿಳಿಯಿತು. ಅವರು 2014ರವರೆಗೆ, ತೊಂಬತ್ತೈದು ವರ್ಷ ಬಾಳಿದರು. ಒಂದು ಕಡೆ ಕೃಷ್ಣಮಾಚಾರ್ಯರ ಯೋಗ, ಇನ್ನೊಂದು ಕಡೆ ಅಯ್ಯರವರ ಅಂಗಸಾಧನೆ. ಎರಡಕ್ಕೂ ಒಬ್ಬನೇ ಪೋಷಕ. ಈಗ ಚಿತ್ರಶಾಲೆಯಾಗಿರುವ ಆ ಅರಮನೆಗೆ ನಾವು ಪ್ರವಾಸ ಹೋದಾಗ ಚಿತ್ರಗಳನ್ನು ನೋಡಿ ಬಂದುಬಿಡುತ್ತೇವೆ.

ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿದ್ದ ಅಯ್ಯರವರ ವ್ಯಾಯಾಮಶಾಲೆಯ ವೈಶಿಷ್ಟ್ಯವೆಂದರೆ ಅಲ್ಲಿ ಬಂದವರೆಲ್ಲ ವ್ಯಾಯಾಮಕ್ಕಾಗಿಯೇ ಬಂದವರಲ್ಲ. ಮುಖ್ಯವಾಗಿ ಟಿ. ಪಿ. ಕೈಲಾಸಂ. 'ಟೊಳ್ಳು-ಗಟ್ಟಿ'ಯ ಕೈಲಾಸಂ ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದವರು, ಸರ್ಕಾರದ ಕೆಲಸ ಬಿಟ್ಟವರು, ಮನೆಯೆಂಬುದಕ್ಕೆ ಒಗ್ಗದವರು. ಹೊತ್ತಿಗೆ ಊಟವಿಲ್ಲ, ನಿದ್ದೆಯಿಲ್ಲ, ಕೈಯಲ್ಲಿ ಸಿಗರೇಟು ಆರಿದ್ದಿಲ್ಲ. ಆರೋಗ್ಯಶಾಸ್ತ್ರದ ಒಂದೊಂದು ನಿಯಮವನ್ನೂ ಮುರಿದ ಈ ಮಹಾಶಯರಿಗೆ ಆರೋಗ್ಯಾಚಾರ್ಯರ ವ್ಯಾಯಾಮಶಾಲೆಯೇ ಆಸರೆಯಾಯಿತೆಂದರೆ ನಂಬುವುದು ಕಷ್ಟ. ಕೈಲಾಸಂ ತಾವಾಗಿ ಕುಳಿತು ಬರೆಯುವವರಲ್ಲ, ಹೇಳುತ್ತ ಹೋಗುವವರು. ಸ್ನೇಹಿತರು ಬರೆದುಕೊಂಡುದರಿಂದಲೇ ಅವರ ಎಷ್ಟೋ ನಾಟಕಗಳು ಉಳಿದವು. 1946ರಲ್ಲಿ ಕೈಲಾಸಂ ತೀರಿಕೊಂಡ ಮೇಲೆ ಅಯ್ಯರವರು 'ಕೈಲಾಸಂ ಸ್ಮರಣೆ' ಬರೆದು ಸ್ನೇಹದ ಋಣ ತೀರಿಸಿದರು. ರವಿ ಕಲಾವಿದರು ಎಂಬ ಹವ್ಯಾಸಿ ನಾಟಕ ತಂಡವೂ ಅವರ ಸುತ್ತಲೇ ಬೆಳೆಯಿತು. ಸಂಜೆ ಡಂಬೆಲ್ಲು ಕೆಳಗಿಟ್ಟವರು ಬಣ್ಣ ಹಚ್ಚಿಕೊಳ್ಳಬಹುದಾದ ಸ್ಥಳ!

ಈ ಸಂಗತಿಯನ್ನು ನಾನು ಬಹಳ ಯೋಚಿಸಿದ್ದೇನೆ. ಕೈಲಾಸಂ ಬಳಿ ಅಯ್ಯರವರು ಬಸ್ಕಿ ಹೊಡೆಸಲಿಲ್ಲ, ಸಿಗರೇಟು ಬಿಟ್ಟು ಬಾ ಎಂದು ಬಾಗಿಲಲ್ಲಿ ತಡೆಯಲೂ ಇಲ್ಲ. ಮೈ ಹೇಗಿದ್ದರೂ ಬಂದು ಕೂಡಬಹುದಾದ ಒಂದು ವ್ಯಾಯಾಮಶಾಲೆ ಅದಾಗಿತ್ತು. ಇಂದಿನ ಜಿಮ್ಮುಗಳಲ್ಲಿ ಕಿವಿ ಹರಿಯುವ ಸಂಗೀತವಿದೆ, ಹವಾನಿಯಂತ್ರಣವಿದೆ. ಕುಳಿತು ಮಾತಾಡಲು ಒಂದು ಜಗುಲಿಯಿಲ್ಲ.

ಅಯ್ಯರವರ ಕಾದಂಬರಿಗಳ ವಿಮರ್ಶೆ ನನ್ನ ಯೋಗ್ಯತೆಗೆ ಮೀರಿದ್ದು. 'ಶಾಂತಲಾ' ಹೊಯ್ಸಳ ವಿಷ್ಣುವರ್ಧನನ ನಾಟ್ಯವಿಶಾರದೆ ರಾಣಿಯ ಕಥೆ. ನಮ್ಮ ತಿರುಮಕೂಡಲು ನರಸೀಪುರ ತಾಲ್ಲೂಕಿನವರಿಗೆ ವಿಷ್ಣುವರ್ಧನ ಪರಕೀಯನಲ್ಲ. ಚೋಳರಿಂದ ತಲಕಾಡನ್ನು ಗೆದ್ದು ತಲಕಾಡುಗೊಂಡನೆಂದು ಬಿರುದಾಂತು, ಅಲ್ಲಿ ಕೀರ್ತಿನಾರಾಯಣನನ್ನು ಪ್ರತಿಷ್ಠಿಸಿದವನು. ಕಲ್ಲಿನಲ್ಲಿ ಮೈಯ ಅಳತೆಯನ್ನು ಕಂಡರಿಸಿದವರ ಕಾಲದ ಕಥೆಯನ್ನು, ಜೀವಂತ ಮೈಯನ್ನು ಕಂಡರಿಸುವವನು ಬರೆಯಹೊರಟದ್ದು ಸಹಜವೇ ಎನ್ನಿಸುತ್ತದೆ.

ನನ್ನನ್ನು ಹೆಚ್ಚು ಕಲಕಿದ್ದು 'ರೂಪದರ್ಶಿ'. ಇಟಲಿಯ ಮಹಾಶಿಲ್ಪಿ ಮೈಕೆಲೇಂಜಲೋ ಬಾಲಯೇಸುವಿನ ಚಿತ್ರಕ್ಕಾಗಿ ಒಬ್ಬ ಮುದ್ದು ಮಗುವನ್ನು ರೂಪದರ್ಶಿಯಾಗಿ ಕೂರಿಸುತ್ತಾನೆ. ವರ್ಷಗಳುರುಳಿ, ಯೇಸುವಿಗೆ ದ್ರೋಹ ಬಗೆದ ಜೂಡಾಸನನ್ನು ಚಿತ್ರಿಸಲು ಕ್ರೂರವಾದ ಮುಖವೊಂದನ್ನು ಹುಡುಕಿದಾಗ ಸಿಕ್ಕವನು ಅದೇ ಹುಡುಗ. ಜಿಮ್ಮಿನ ಗೋಡೆಯ ಮೇಲೆ ಎರಡೆರಡು ಚಿತ್ರಗಳನ್ನು ತೂಗುಹಾಕುತ್ತಾರೆ: ಮೊದಲು ಹೀಗಿದ್ದವರು, ಆಮೇಲೆ ಹೀಗಾದರು ಎಂದು. ಅಯ್ಯರವರು ಬಾಳೆಲ್ಲ ಮಾಡಿದ್ದು ಆ ವ್ಯಾಪಾರವನ್ನೇ. ಆದರೆ ಲೇಖನಿ ಹಿಡಿದು ಕುಳಿತಾಗ ಅವರು ಬರೆದದ್ದು ಆ ಎರಡು ಚಿತ್ರಗಳನ್ನು ಹಿಂದುಮುಂದಾಗಿಸಿದ ಕಥೆ. ಮೈ ನಾವು ಬಾಳಿದಂತೆ ಬದಲಾಗುತ್ತದೆ, ಎರಡೂ ಕಡೆಗೆ ಬದಲಾಗುತ್ತದೆ ಎಂಬುದನ್ನು ಆ ಪ್ರೊಫೆಸರರು ಜಾಹೀರಾತಿನವರಿಗಿಂತ ಆಳವಾಗಿ ಬಲ್ಲವರಾಗಿದ್ದರು.

1980ರ ಜನವರಿಯಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಅಯ್ಯರವರು ಕಾಲವಾದರು. ಜೆ. ಸಿ. ರಸ್ತೆ ಈಗ ಮೋಟಾರು ಬಿಡಿಭಾಗಗಳ ಅಂಗಡಿಗಳಿಗೆ ಪ್ರಸಿದ್ಧವಾಗಿದೆ.

ನಾನು ಜಿಮ್ಮಿಗೆ ಮರಳಿ ಹೋದೆನೆಂಬುದನ್ನು ಹೇಳಬೇಕು. ಆದರೆ ಮೊದಲು ಹೋಗಲಿಲ್ಲ. ಮನೆಯ ಮಾಳಿಗೆಯ ಮೇಲೆ, ಬೆಳಕು ಹರಿಯುವ ಮುನ್ನ, ಸೂರ್ಯನಮಸ್ಕಾರವನ್ನು ಒಂದೂವರೆ ತಿಂಗಳು ಮಾಡಿದೆ; ಮೊದಲ ವಾರ ಮೂರು, ಆಮೇಲೆ ಆರು, ಹನ್ನೆರಡು. ಅನಂತರ ಜಿಮ್ಮಿಗೆ ಬೆಳಗಿನ ಹೊತ್ತು ಹೋದೆ. ಆಗ ರಾತ್ರಿ ಪಾಳಿಯಿಂದ ಬಂದ ಒಬ್ಬಿಬ್ಬರನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಎರಡೇ ಸಾಧನ ಆರಿಸಿಕೊಂಡು ಅವನ್ನಷ್ಟೇ ಕಲಿತೆ. ಅವರಲ್ಲೊಬ್ಬ ಹಿರಿಯರನ್ನು, ಅಣ್ಣಾ ಇದನ್ನು ಹಿಡಿಯುವುದು ಹೇಗೆ ಎಂದು ಕೇಳಿದೆ. ಆತ ತಾನು ಮಾಡುತ್ತಿದ್ದುದನ್ನು ಬಿಟ್ಟು ಬಂದು, ಕಾಲು ಗಂಟೆ ನಿಂತು ತೋರಿಸಿದರು. ಕೇಳುವವರೇ ಇಲ್ಲವೆಂದು ಕಾಯುತ್ತಿದ್ದವರಂತೆ ಕಂಡರು.

ಮಾಳಿಗೆಯ ಮೇಲಿನ ಆ ದಿನಗಳಲ್ಲಿ ಒಂದು ಬೆಳಿಗ್ಗೆ ನಮ್ಮಪ್ಪ ಬಟ್ಟೆ ಒಣಗಹಾಕಲು ಮೇಲೆ ಬಂದರು. ನಾನು ಬಾಗಿ, ಕಾಲು ಹಿಂದೆ ಚಾಚಿ, ಎದೆಯನ್ನೂ ಹಣೆಯನ್ನೂ ನೆಲಕ್ಕೆ ತಾಗಿಸಿ, ಮತ್ತೆ ಎದ್ದು ನಿಲ್ಲುವುದನ್ನು ಸ್ವಲ್ಪ ಹೊತ್ತು ನೋಡಿದರು. ಇದಕ್ಕೂ ಹಣ ಕಟ್ಟಿದ್ದೀಯಾ ಎಂದು ಕೇಳಿದರು. ಇಲ್ಲವೆಂದೆ. ಹಾಗಾದರೆ ಸರಿ ಎಂದವರು, ನನಗೆ ಟೈಫಾಯಿಡ್ ಆಗಿ ವಾಸಿಯಾದ ವರ್ಷ ನಂಜುಂಡೇಶ್ವರನಿಗೆ ಹರಕೆ ಹೊತ್ತು ತಾವು ದೇವಸ್ಥಾನದ ಸುತ್ತ ಹೆಜ್ಜೆ ನಮಸ್ಕಾರ ಹಾಕಿದ್ದನ್ನು ಹೇಳಿದರು. ಅದೂ ಹೀಗೆಯೇ, ಹೆಜ್ಜೆಗೊಂದು ಸಲ ಉದ್ದಕ್ಕೆ ಬೀಳುವುದು, ಏಳುವುದು. ಅಂದು ಎಷ್ಟು ಹಾಕಿದರೋ ಅವರು ಎಣಿಸಿರಲಿಲ್ಲ. ಒದ್ದೆ ಬಟ್ಟೆಯನ್ನು ಗೋಡೆಯ ಮೇಲಿಟ್ಟು, ಸ್ಯಾಂಡೋ ಬನಿಯನ್ನಿನಲ್ಲಿಯೇ ನನ್ನ ಪಕ್ಕ ನಿಂತು, ಒಂದು ಹಾಕಿ ತೋರಿಸಿದರು. ಬೆನ್ನು ನನ್ನದಕ್ಕಿಂತ ನೆಟ್ಟಗಿತ್ತು.